ರೈಲು ನಿಂತಲ್ಲಿಂದ ವ್ಯಾನ್

ಫ್ರಾನ್ಸಿನ ಖಾಸಗಿ ವೈನ್ ಪ್ರವಾಸದ ದರಪಟ್ಟಿಯಲ್ಲಿ ‘ತಲಾ ಇಷ್ಟು’ ಎಂಬ ಅಂಕಿ ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ಕೂತಿರುತ್ತದೆ. ಆ ಅಂಕಿ ಹುಟ್ಟುವುದು ಮಾತ್ರ ಬೇರೆ ಕಡೆ. ಎಂಟು ಸೀಟಿನ ವ್ಯಾನ್, ಇಂಗ್ಲಿಷ್ ಬಲ್ಲ ಚಾಲಕ-ಮಾರ್ಗದರ್ಶಿ, ಡೀಸೆಲ್, ಟೋಲ್ ಎಲ್ಲ ಸೇರಿ ಒಂದು ದಿನಕ್ಕೆ ಒಂದು ಬೆಲೆ. ಇಬ್ಬರು ಕೂತರೂ ಅಷ್ಟೇ, ಆರು ಮಂದಿ ಕೂತರೂ ಅಷ್ಟೇ. ಹೀಗಾಗಿ ಖಾಸಗಿ ಪ್ರವಾಸದ ಖರ್ಚನ್ನು ತೀರ್ಮಾನಿಸುವ ಪ್ರಶ್ನೆಗಳು ಎರಡೇ: ಸೀಟು ಎಷ್ಟು ತುಂಬಿತು, ವ್ಯಾನ್ ಎಷ್ಟು ದಿನ ಬೇಕು.

ಈ ಅಂಕಣಕಾರ, ಅವನ ಷಡ್ಡಕ, ಒಬ್ಬ ಹಳೆಯ ಗೆಳೆಯ, ಹೀಗೆ ಮೂರು ದಂಪತಿ 2025ರಲ್ಲಿ ಹೊರಟು ನಿಂತಾಗ ಬೆಂಗಳೂರಿನ ಏಜೆಂಟ್ ಕಳಿಸಿದ ಪಟ್ಟಿಯಲ್ಲಿ ವ್ಯಾನಿನ ದಿನದ ಬಾಡಿಗೆ 900 ಯೂರೊ ಎಂದಿತ್ತು. ಲೆಕ್ಕ ಸುಲಭವಾಗಲೆಂದು ಯೂರೊಗೆ 100 ರೂಪಾಯಿ ಹಿಡಿದರೆ 90,000 ರೂಪಾಯಿ. ಇಬ್ಬರೇ ಹೋದರೆ ತಲಾ 45,000. ಆರು ಜನ ಹಂಚಿಕೊಂಡರೆ ತಲಾ 15,000. ಸೀಟಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿದದ್ದು ದಿನಗಳ ಪ್ರಶ್ನೆ. ಏಜೆಂಟ್ ಐದು ದಿನಕ್ಕೆ ವ್ಯಾನ್ ಹಾಕಿದ್ದ: ಪ್ಯಾರಿಸ್, ಷಾಂಪೇನ್, ಬರ್ಗಂಡಿ, ಅಲ್ಲಿಂದ ಬೋರ್ಡೊಗೆ ಪ್ರಯಾಣ, ಕೊನೆಗೆ ಬೋರ್ಡೊ. ವ್ಯಾನಿಗೇ ನಾಲ್ಕೂವರೆ ಲಕ್ಷ. ವಿಮಾನ, ಹೋಟೆಲ್, ಟಿಕೆಟ್ ಎಲ್ಲ ಸೇರಿ ಹದಿನೈದು ಲಕ್ಷ.

ಗೆಳೆಯನ ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಪಟ್ಟಿಯ ಪ್ರತಿ ದಿನದ ಎದುರೂ ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆ ಬರೆದರು: ಇಲ್ಲಿಗೆ ರೈಲಿಲ್ಲವೇ?

ಪ್ಯಾರಿಸ್ಸಿಗೆ ಉತ್ತರ ಹುಡುಕಬೇಕಿರಲಿಲ್ಲ. ಮೆಟ್ರೊ ಇರುವ ಊರಿನಲ್ಲಿ ವ್ಯಾನಿನೊಳಗೆ ಕೂತು ಟ್ರಾಫಿಕ್ ನೋಡಲು 90,000 ಯಾರೂ ಕೊಡುವುದಿಲ್ಲ. ಷಾಂಪೇನ್‌ಗೂ ರೈಲಿದೆ. ಪ್ಯಾರಿಸ್ಸಿನ ಪೂರ್ವ ನಿಲ್ದಾಣದಿಂದ ರೀಮ್ಸ್ ನಗರಕ್ಕೆ ಅತಿವೇಗದ ಟಿಜಿವಿ ರೈಲಿನಲ್ಲಿ ಮುಕ್ಕಾಲು ಗಂಟೆ. ಫ್ರಾನ್ಸಿನ ರಾಜರ ಪಟ್ಟಾಭಿಷೇಕ ನಡೆಯುತ್ತಿದ್ದ ಕೆಥೆಡ್ರಲ್ ನಿಲ್ದಾಣದಿಂದ ನಡೆದು ಹೋಗುವ ದೂರದಲ್ಲಿದೆ; ಜೋನ್ ಆಫ್ ಆರ್ಕ್ 1429ರಲ್ಲಿ ಏಳನೆಯ ಚಾರ್ಲ್ಸ್‌ನನ್ನು ಕರೆತಂದು ನಿಲ್ಲಿಸಿದ್ದು ಇಲ್ಲಿಯೇ. ಷಾಂಪೇನ್ ತಯಾರಿಸುವ ದೊಡ್ಡ ಮನೆತನಗಳು ಸುಣ್ಣಕಲ್ಲಿನ ನೆಲಮಾಳಿಗೆಗಳಿಗೆ ಆನ್‌ಲೈನಿನಲ್ಲೇ ಟಿಕೆಟ್ ಮಾರುತ್ತವೆ. ಇಂಗ್ಲಿಷ್ ವಿವರಣೆ, ಕೊನೆಯಲ್ಲಿ ಒಂದು ಗ್ಲಾಸ್, ಎಲ್ಲ ಆ ಟಿಕೆಟ್ಟಿನಲ್ಲೇ. ಪಕ್ಕದ ಎಪರ್ನೆ ಊರಿನಲ್ಲೂ ಪ್ರಸಿದ್ಧ ಷಾಂಪೇನ್ ಬೀದಿಗೆ ರೈಲ್ವೆ ನಿಲ್ದಾಣದಿಂದ ಕಾಲ್ನಡಿಗೆಯಲ್ಲೇ ಹೋಗಬಹುದು. ಇಂಥ ಕಡೆ ಖಾಸಗಿ ಮಾರ್ಗದರ್ಶಿ ಮಾಡುವ ಕೆಲಸ, ನೀವೇ ಕೊಳ್ಳಬಹುದಾದ ಟಿಕೆಟ್ಟನ್ನು ನಿಮ್ಮ ಪರವಾಗಿ ಕೊಳ್ಳುವುದು.

ಬೋರ್ಡೊ ಕೂಡ ಹಾಗೆಯೇ. 2017ರಲ್ಲಿ ಹೊಸ ಅತಿವೇಗದ ಮಾರ್ಗ ತೆರೆದ ಮೇಲೆ ಪ್ಯಾರಿಸ್ಸಿನಿಂದ ಎರಡು ಗಂಟೆ ಚಿಲ್ಲರೆ. ಊರಿನೊಳಗೆ 2016ರಲ್ಲಿ ಶುರುವಾದ ವೈನ್ ವಸ್ತುಸಂಗ್ರಹಾಲಯ ‘ಸಿತೆ ದ್ಯು ವ್ಯಾನ್’ ಇದೆ. ಯುನೆಸ್ಕೊ ಪಟ್ಟಿಗೆ 1999ರಲ್ಲಿ ಸೇರಿದ ಸೇಂಟ್ ಎಮಿಲಿಯನ್‌ಗೆ ಲೋಕಲ್ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಇನ್ನು ಬರ್ಗಂಡಿಯಿಂದ ಬೋರ್ಡೊಗೆ ರಸ್ತೆ ಪ್ರಯಾಣ: 500 ಕಿಲೋಮೀಟರಿಗೂ ಹೆಚ್ಚು. ಅಂದರೆ 90,000 ರೂಪಾಯಿಯ ಒಂದು ಇಡೀ ದಿನ ಹೆದ್ದಾರಿಯ ಮೇಲೆಯೇ ಕರಗುತ್ತದೆ.

ಹೀಗೆ ಒಂದೊಂದೇ ದಿನ ಅಳಿಸುತ್ತ ಹೋದಾಗ ಪೆನ್ಸಿಲ್ ನಿಂತದ್ದು ಬರ್ಗಂಡಿಯ ಮುಂದೆ.

ಅಲ್ಲಿಗೂ ರೈಲಿದೆ ಎನ್ನುವುದೇನೋ ನಿಜ. ಪ್ಯಾರಿಸ್ಸಿನಿಂದ ದಿಜೋನ್‌ಗೆ ಒಂದೂವರೆ ಗಂಟೆಯ ಟಿಜಿವಿ, ಅಲ್ಲಿಂದ ಬೋನ್ ಪಟ್ಟಣಕ್ಕೆ ಇಪ್ಪತ್ತು ನಿಮಿಷದ ಪ್ರಾದೇಶಿಕ ರೈಲು. ಮಧ್ಯೆ ಜೆವ್ರೆ-ಶಾಂಬೆರ್ಟಾಂ, ನ್ಯುಯಿ-ಸೇಂಟ್-ಜಾರ್ಜ್ ನಿಲ್ದಾಣಗಳೂ ಸಿಗುತ್ತವೆ. ಆದರೆ ರೈಲು ಇಳಿದ ಮೇಲೆ ಏನು ಎಂಬುದಕ್ಕೆ ಉತ್ತರ ಇನ್ನೂರು ವರ್ಷದ ಹಿಂದಿನ ಭೂಮಿಯ ಲೆಕ್ಕದಲ್ಲಿದೆ.

ಈ ಇಳಿಜಾರಿನ ಒಳ್ಳೆಯ ತೋಟಗಳಲ್ಲಿ ಬಹಳಷ್ಟು ಒಂದು ಕಾಲಕ್ಕೆ ಮಠಗಳ ಆಸ್ತಿ. ಫ್ರೆಂಚ್ ಕ್ರಾಂತಿಯ ಸರ್ಕಾರ ಅವನ್ನು ಮುಟ್ಟುಗೋಲು ಹಾಕಿಕೊಂಡು ಹರಾಜು ಹಾಕಿತು. ಆಮೇಲೆ ಬಂದ 1804ರ ನೆಪೋಲಿಯನ್ ಸಂಹಿತೆ ಆಸ್ತಿಯಲ್ಲಿ ಮಕ್ಕಳಿಗೆಲ್ಲ ಸಮಪಾಲು ಎಂದಿತು. ತಲೆಮಾರು ಕಳೆದಂತೆ ತೋಟಗಳು ಪಾಲಾಗುತ್ತ ಹೋದವು. ಸಿಸ್ಟರ್ಷಿಯನ್ ಸನ್ಯಾಸಿಗಳು ಗೋಡೆ ಕಟ್ಟಿ ಕಾಪಾಡಿದ್ದ ಕ್ಲೊ ದ ವೂಜೊ ತೋಟ ಇಂದು ಸುಮಾರು 50 ಹೆಕ್ಟೇರ್, ಮಾಲೀಕರು ಸುಮಾರು 80 ಮಂದಿ. ಸರಾಸರಿ ತೆಗೆದರೆ ಒಬ್ಬರಿಗೆ ಒಂದೂವರೆ ಎಕರೆ. 2015ರಲ್ಲಿ ಯುನೆಸ್ಕೊ ಮಾನ್ಯ ಮಾಡಿದ ಬರ್ಗಂಡಿಯ ‘ಕ್ಲಿಮಾ’ಗಳು, ಅಂದರೆ ಹೆಸರು ಮತ್ತು ಗಡಿ ಇರುವ ತುಂಡು ತೋಟಗಳು, 1,247.

ಪ್ರವಾಸಿಯ ಜೇಬಿಗೆ ಈ ಇತಿಹಾಸದ ಸಂಬಂಧ ನೇರವಾದದ್ದು. ಬೋರ್ಡೊದಲ್ಲಿ ದೊಡ್ಡ ಎಸ್ಟೇಟುಗಳು ಒಡೆಯದೆ ಉಳಿದವು. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆಂದು ದಲ್ಲಾಳಿಗಳು ಮಾರುಕಟ್ಟೆಯ ಬೆಲೆ ಮತ್ತು ಹೆಸರು ನೋಡಿ ದರ್ಜೆ ಹಚ್ಚಿದ ಪಟ್ಟಿಯೇ ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. 1973ರಲ್ಲಿ ಮೂತಾಂ ರೋಥ್‌ಶೀಲ್ಡ್ ಮೇಲಿನ ದರ್ಜೆಗೇರಿದ್ದು ಅದರಲ್ಲಿ ಆದ ದೊಡ್ಡ ಬದಲಾವಣೆ. ದೊಡ್ಡ ಎಸ್ಟೇಟ್ ಎಂದರೆ ಸ್ವಾಗತಕಾರಿಣಿ, ಬುಕಿಂಗ್ ವೆಬ್‌ಸೈಟ್, ವೇಳಾಪಟ್ಟಿ. ಬರ್ಗಂಡಿಯ ಬೆಳೆಗಾರ ನಾಲ್ಕು ಹಳ್ಳಿಗಳಲ್ಲಿ ನಾಲ್ಕಾರು ಸಾಲು ಬಳ್ಳಿ ಇಟ್ಟುಕೊಂಡು, ಮನೆಯ ಕೆಳಗೇ ಪೀಪಾಯಿ ಜೋಡಿಸಿಕೊಂಡ ರೈತ. ಬೆಳಿಗ್ಗೆ ತೋಟದಲ್ಲಿರುತ್ತಾನೆ. ಬರುವವರು ಮೊದಲೇ ಫೋನ್ ಮಾಡಿರಬೇಕು, ಫ್ರೆಂಚಿನಲ್ಲಿ ಮಾತಾಡಿದರೆ ಒಳ್ಳೆಯದು. ಮಾರ್ಗದರ್ಶಿಗೆ ಕೊಡುವ ದುಡ್ಡಿನ ದೊಡ್ಡ ಪಾಲು ಹೋಗುವುದು ಅವನಿಗಿರುವ ಈ ಪರಿಚಯಗಳಿಗೆ.

ಬಾಡಿಗೆ ಕಾರು ತೆಗೆದುಕೊಂಡು ನಾವೇ ಓಡಿಸೋಣ ಎಂದು ಷಡ್ಡಕ ಹೇಳಿದ. ಫ್ರಾನ್ಸಿನಲ್ಲಿ ಚಾಲಕನ ರಕ್ತದ ಲೀಟರಿಗೆ 0.5 ಗ್ರಾಂ ಮದ್ಯಸಾರ ಮಿತಿ. ದಿನಕ್ಕೆ ಎರಡು-ಮೂರು ನೆಲಮಾಳಿಗೆ ಹೊಕ್ಕವನು, ಉಗುಳುವ ಪಾತ್ರೆಯನ್ನು ಶ್ರದ್ಧೆಯಿಂದ ಬಳಸದಿದ್ದರೆ, ಈ ಗೆರೆಯನ್ನು ಸುಲಭವಾಗಿ ದಾಟುತ್ತಾನೆ. ಆರು ಮಂದಿಯಲ್ಲಿ ಒಬ್ಬ ಬಾಯಿ ಕಟ್ಟಿ ಕೂರಬೇಕು, ಅದೂ ರಸ್ತೆಯ ಬಲಬದಿಯಲ್ಲಿ ಗಾಡಿ ಓಡಿಸುತ್ತ. ಪ್ರಸ್ತಾಪ ಬಿದ್ದುಹೋಯಿತು. ಬೋನ್‌ನಿಂದ ಸಾಂತೆನೆವರೆಗೆ ಬಳ್ಳಿಗಳ ನಡುವೆ ಸಾಗುವ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನ ಸೈಕಲ್ ಹಾದಿಯೊಂದಿದೆ. ಕಾಲಲ್ಲಿ ಕಸುವಿದ್ದವರಿಗೆ ಅದಕ್ಕಿಂತ ಅಗ್ಗದ ಉಪಾಯವಿಲ್ಲ. ಆದರೆ ಸೈಕಲ್ಲಿನಲ್ಲಿ ಬಂದ ಅಪರಿಚಿತನಿಗೆ ಬೆಳೆಗಾರ ಬಾಗಿಲು ತೆರೆಯುತ್ತಾನೆಂಬ ಖಾತರಿಯಿಲ್ಲ.

ಹಾಗಾಗಿ ವ್ಯಾನನ್ನು ಬರ್ಗಂಡಿಗೆ ಮಾತ್ರ, ಅಲ್ಲಿಯದೇ ನಿರ್ವಾಹಕರಿಂದ ನೇರವಾಗಿ ಗೊತ್ತುಮಾಡಿದ್ದಾಯಿತು. ದಿಜೋನ್‌ನಿಂದ ಸಾಂತೆನೆವರೆಗಿನ ‘ಗ್ರಾಂ ಕ್ರು’, ಅಂದರೆ ಅತ್ಯುನ್ನತ ದರ್ಜೆಯ ತೋಟಗಳ, ಮಾರ್ಗ ಸುಮಾರು 60 ಕಿಲೋಮೀಟರ್. ವೋನ್ ಹಳ್ಳಿಯ ಹೊರಗೆ ರೊಮಾನೆ-ಕೊಂಟಿ ತೋಟದ ತಗ್ಗುಗೋಡೆ, ಅದರ ಮೇಲೊಂದು ಕಲ್ಲಿನ ಶಿಲುಬೆ. ಬರೀ 1.81 ಹೆಕ್ಟೇರ್. ಅದರ ಒಂದು ಬಾಟಲಿಗೆ ಸಾವಿರಾರು ಯೂರೊ. ಗೋಡೆಯಾಚೆ ನಿಂತು ನೋಡುವುದಕ್ಕೆ ಚಿಕ್ಕಾಸೂ ಇಲ್ಲ. ಅಲ್ಲಿಂದ ಮುಂದೆ ಮಾರ್ಗದರ್ಶಿ ಕರೆದೊಯ್ದ ನೆಲಮಾಳಿಗೆಯಲ್ಲಿ ಬೆಳೆಗಾರ್ತಿಯೊಬ್ಬರು ಗಾಜಿನ ಕೊಳವೆಯಿಂದ ಪೀಪಾಯಿಯ ವೈನ್ ಎತ್ತಿ, ಒಂದೇ ವರ್ಷದ, ಒಂದೇ ದ್ರಾಕ್ಷಿಯ, ರಸ್ತೆಯ ಆಚೀಚೆಯ ಎರಡು ತುಂಡುಗಳ ಪಿನೊ ನ್ವಾರ್ ಅನ್ನು ಅಕ್ಕಪಕ್ಕ ಸುರಿದರು. ಒಂದರ ಬೆಲೆ ಇನ್ನೊಂದರ ದುಪ್ಪಟ್ಟು. ಈ ದುಪ್ಪಟ್ಟಿಗೆ ಕಾರಣವೇನೆಂದು ಕೇಳಿದಾಗ ಮಣ್ಣು, ಇಳಿಜಾರು, ನೀರು ಬಸಿಯುವ ಬಗೆ ಎಲ್ಲ ಮಾರ್ಗದರ್ಶಿಯ ಬಾಯಲ್ಲಿ ಇಂಗ್ಲಿಷಾಗಿ ಬಂತು. ವ್ಯಾನಿನ ಬಾಡಿಗೆ ಪೂರಾ ವಸೂಲಾದ ಜಾಗ ಅದು.

ಬೋನ್ ಪಟ್ಟಣದೊಳಗೆ ವ್ಯಾನ್ ಬೇಕಿಲ್ಲ. ಬರ್ಗಂಡಿಯ ಡ್ಯೂಕ್‌ನ ಚಾನ್ಸಲರ್ ನಿಕೊಲಾ ರೊಲಾಂ 1443ರಲ್ಲಿ ಬಡವರಿಗೆಂದು ಸ್ಥಾಪಿಸಿದ ಆಸ್ಪತ್ರೆ, ಬಣ್ಣದ ಹೆಂಚಿನ ಓಸ್ಪೀಸ್ ದ ಬೋನ್, ನಡುಪೇಟೆಯಲ್ಲೇ ಇದೆ. ರೊಗಿಯರ್ ವಾನ್ ಡರ್ ವೇಡನ್‌ನ ‘ಅಂತಿಮ ತೀರ್ಪು’ ಚಿತ್ರಫಲಕ ಇರುವುದೂ ಅಲ್ಲಿಯೇ. ದಾನಿಗಳು ಬಿಟ್ಟುಹೋದ ತೋಟಗಳ ವೈನನ್ನು 1859ರಿಂದ ಹರಾಜು ಹಾಕಿ ಸಂಸ್ಥೆ ನಡೆಸುತ್ತಾರೆ. ಹರಾಜು ನವೆಂಬರ್‌ನ ಮೂರನೆಯ ಭಾನುವಾರ. ಆ ವಾರ ಊರಿನ ಹೋಟೆಲುಗಳಲ್ಲಿ ಅಗ್ಗದ ಕೋಣೆ ಹುಡುಕುವುದು ವ್ಯರ್ಥ. ಸೆಪ್ಟೆಂಬರ್ ಸುಗ್ಗಿಯಲ್ಲಿ ಬೆಳೆಗಾರರಿಗೆ ಪುರುಸೊತ್ತಿಲ್ಲ, ಆಗಸ್ಟಿನಲ್ಲಿ ಹಲವರು ರಜೆ, ಭಾನುವಾರ ಬಹಳಷ್ಟು ಬಾಗಿಲು ಮುಚ್ಚಿರುತ್ತದೆ. ವ್ಯಾನಿನ ದಿನವನ್ನು ಇವುಗಳ ಮೇಲೆ ಬೀಳದಂತೆ ಇಡುವುದು ಉಳಿತಾಯದ ಮೊದಲ ಹೆಜ್ಜೆ.

ಮುಂಗಡ ಕಳಿಸುವ ಮುನ್ನ ಪಟ್ಟಿಯ ಸಣ್ಣಕ್ಷರ ಓದಬೇಕು. ರುಚಿ ನೋಡುವ ಶುಲ್ಕ ಬಾಡಿಗೆಯಲ್ಲಿ ಸೇರಿದೆಯೇ, ಇಲ್ಲವೇ? ಈ ಗುಂಪಿನಲ್ಲಿ ಕುಡಿಯದವರೂ ಇದ್ದರು. ಕೇಳಿದ ಮೇಲೆ ಅವರ ಹೆಸರಿನ ಶುಲ್ಕ ತೆಗೆದುಹಾಕಿದರು. ಗೊತ್ತಾದ ಗಂಟೆ ಮೀರಿದರೆ ಹೆಚ್ಚುವರಿ ಎಷ್ಟು? ರಾತ್ರಿ ಬೇರೆ ಊರಿನಲ್ಲಿ ಉಳಿದರೆ ಚಾಲಕನ ಕೋಣೆ, ಊಟ, ಖಾಲಿ ಗಾಡಿ ವಾಪಸ್ ಹೋಗುವ ಖರ್ಚು ಯಾರದು? ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಟ್ಯಾಕ್ಸಿ ಮಾಡಿದವರಿಗೆ ಡ್ರೈವರ್ ಬಾಟಾ ಗೊತ್ತು. ಇದೂ ಅದೇ, ಯೂರೊದಲ್ಲಿ. ಫ್ರಾನ್ಸಿನಲ್ಲಿ ಪ್ರವಾಸ ಸಂಸ್ಥೆಗಳು ‘ಅತೂ ಫ್ರಾನ್ಸ್’ ನೋಂದಣಿಯಲ್ಲಿರಬೇಕು, ಗ್ರಾಹಕರ ಹಣಕ್ಕೆ ಖಾತರಿ ಇಟ್ಟಿರಬೇಕು. ಆ ನೋಂದಣಿ ಪಟ್ಟಿ ಸಾರ್ವಜನಿಕರಿಗೆ ಮುಕ್ತವಾಗಿದೆ. ಮ್ಯೂಸಿಯಂ, ಸ್ಮಾರಕಗಳೊಳಗೆ ವಿವರಣೆ ಕೊಡಲು ಮಾರ್ಗದರ್ಶಿಗೆ ಪ್ರತ್ಯೇಕ ವೃತ್ತಿ ಕಾರ್ಡ್ ಬೇಕು. ಕಾರ್ಡಿಲ್ಲದ ಚಾಲಕ ಬಾಗಿಲಲ್ಲೇ ನಿಲ್ಲುತ್ತಾನೆ, ಒಳಗಿನವನಿಗೆ ಬೇರೆ ದುಡ್ಡು.

ಇಷ್ಟೆಲ್ಲ ಖರ್ಚು ಮಾಡುವ ಮೊದಲು ವೈನ್ ನಿಜಕ್ಕೂ ಹಿಡಿಸುತ್ತದೆಯೇ ಎಂದು ನೋಡಿಕೊಳ್ಳಲು ನಂದಿಬೆಟ್ಟದ ತಪ್ಪಲಿದೆ. ದೊಡ್ಡಬಳ್ಳಾಪುರದ ಗ್ರೋವರ್ ತೋಟಕ್ಕೆ 1990ರ ದಶಕದಿಂದ ಸಲಹೆಗಾರರಾಗಿದ್ದವರು ಬೋರ್ಡೊ ಸೀಮೆಯ ವೈನ್ ತಜ್ಞ ಮಿಷೆಲ್ ರೊಲಾಂ. ಒಂದು ಶನಿವಾರದ ಪೆಟ್ರೋಲು, ತೋಟದ ಟಿಕೆಟ್ಟಿನಲ್ಲಿ ಗುಂಪಿನ ಒಲವು ತಿಳಿಯುತ್ತದೆ. ಕುಡಿಯದವರು ಯಾರು, ಕೆಂಪು ಒಗ್ಗದವರು ಯಾರು ಎಂಬುದು ಈ ಗುಂಪಿಗೆ ಗೊತ್ತಾದದ್ದು ಅಲ್ಲಿಯೇ.

ಈಗ ತೆರಿಗೆ. ಇಲ್ಲಿ ಎರಡು ಖಾನೆ ಹಾಕಿಕೊಳ್ಳುವುದು ಒಳ್ಳೆಯದು: ವಾಪಸ್ ಬರುವ ಹಣ, ಬಾರದ ಹಣ.

ಬಾರದ ಹಣದಲ್ಲಿ ಮೊದಲನೆಯದು ಪ್ಯಾಕೇಜಿನ ಮೇಲಿನ ಶೇ 5ರ ಜಿಎಸ್‌ಟಿ. ಎರಡನೆಯದು ಕ್ರೆಡಿಟ್ ಕಾರ್ಡಿನ ಮಾರ್ಕಪ್. ಅನೇಕ ಕಾರ್ಡುಗಳಲ್ಲಿ ಇದು ಶೇ 3.5, ಅದರ ಮೇಲೆ ಶೇ 18 ಜಿಎಸ್‌ಟಿ. ಲಕ್ಷ ರೂಪಾಯಿಗೆ 4,130. ಮಾರ್ಕಪ್ ಇಲ್ಲದ ಕಾರ್ಡುಗಳೂ ಸಿಗುತ್ತವೆ, ವ್ಯಾನಿನ ಬಾಡಿಗೆ ಅಂಥದ್ದರಲ್ಲಿ ಕಟ್ಟಿದ್ದು. ಅಂಗಡಿಯ ಯಂತ್ರ ರೂಪಾಯಿಯೋ ಯೂರೊವೋ ಎಂದು ಕೇಳಿದರೆ ಯೂರೊ ಒತ್ತಬೇಕು. ರೂಪಾಯಿ ಒತ್ತಿದರೆ ವಿನಿಮಯ ದರ ಅವರದು. ವೀಸಾ ಶುಲ್ಕ ವಯಸ್ಕರಿಗೆ 2024ರ ಜೂನ್‌ನಿಂದ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ. ಬಾಟಲಿಗಳ ವಿಷಯದಲ್ಲಿ ಭಾರತದ ಸುಂಕರಹಿತ ಮಿತಿ ತಲಾ 2 ಲೀಟರ್, ಅಂದರೆ 750 ಮಿ.ಲೀ.ಯ ಎರಡು. ಮೂರನೆಯದು ಗೆರೆ ದಾಟಿ ಸುಂಕಕ್ಕೆ ಬೀಳುತ್ತದೆ. 

ವಾಪಸ್ ಬರುವ ಹಣದಲ್ಲಿ ಚಿಕ್ಕದು ಫ್ರಾನ್ಸಿನ ವ್ಯಾಟ್: ಒಂದೇ ಅಂಗಡಿಯ ಖರೀದಿ 100 ಯೂರೊ ಮೀರಿದರೆ ಅದರಲ್ಲಿ ಒಂದು ಪಾಲನ್ನು ವಿಮಾನ ನಿಲ್ದಾಣದ ಯಂತ್ರದಲ್ಲಿ ರಸೀದಿ ದೃಢಪಡಿಸಿ ಮರಳಿ ಪಡೆಯಬಹುದು. ದೊಡ್ಡದು ಟಿಸಿಎಸ್, ಅಂದರೆ ಏಜೆಂಟ್ ಹಣ ಪಡೆಯುವಾಗಲೇ ಸೇರಿಸಿ ವಸೂಲು ಮಾಡುವ ಆದಾಯ ತೆರಿಗೆ. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ 2020ರ ಅಕ್ಟೋಬರ್‌ನಲ್ಲಿ ಶೇ 5ರಿಂದ ಶುರುವಾಗಿ, 2023ರ ಅಕ್ಟೋಬರ್‌ನಿಂದ 7 ಲಕ್ಷ ಮೀರಿದ ಮೊತ್ತಕ್ಕೆ ಶೇ 20 ಆಯಿತು. 2025ರ ಏಪ್ರಿಲ್‌ನಲ್ಲಿ ಆ ಗಡಿ 10 ಲಕ್ಷಕ್ಕೇರಿತು. ಬಜೆಟ್ಟುಗಳು ಇದನ್ನು ಮುಟ್ಟುತ್ತಲೇ ಇರುವುದರಿಂದ ಹಣ ಕಟ್ಟುವ ದಿನದ ದರವನ್ನೇ ನೋಡಬೇಕು. ವಿಮಾನ ಟಿಕೆಟ್ ಮಾತ್ರ ಅಥವಾ ಹೋಟೆಲ್ ಮಾತ್ರ ಕೊಂಡರೆ ಅದು ಪ್ಯಾಕೇಜ್ ಅನ್ನಿಸಿಕೊಳ್ಳದು. ಎರಡು ಸೇರಿದರೆ ಪ್ಯಾಕೇಜ್. ಮೂಲ ಪಟ್ಟಿಯ 15 ಲಕ್ಷವನ್ನು 2025-26ರ ದರದಲ್ಲಿ ಒಬ್ಬನೇ ಕಟ್ಟಿದ್ದರೆ ಮೊದಲ 10 ಲಕ್ಷಕ್ಕೆ 50,000, ಉಳಿದ 5 ಲಕ್ಷಕ್ಕೆ 1 ಲಕ್ಷ, ಒಟ್ಟು ಒಂದೂವರೆ ಲಕ್ಷ ಅವನ ಪ್ಯಾನ್ ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಮೂರು ಮನೆಯವರು ತಲಾ 5 ಲಕ್ಷ ತಮ್ಮ ತಮ್ಮ ಪ್ಯಾನ್‌ನಲ್ಲಿ ಕಟ್ಟಿದರೆ ಒಟ್ಟು 75,000.

ವ್ಯಾನ್ ದಿನಗಳು ಕರಗಿದ ಮೇಲೆ ಏಜೆಂಟ್ ಬಳಿ ಉಳಿದದ್ದು ವಿಮಾನ ಮತ್ತು ಹೋಟೆಲ್, ಅದರ ಮೇಲೆ ಶೇ 5 ಟಿಸಿಎಸ್. ಷಡ್ಡಕ ಮಾರ್ಚ್ ಮುಗಿಯುವ ಮೊದಲೇ ಪೂರ್ತಿ ಕಟ್ಟಿದ್ದರಿಂದ ಆ ವರ್ಷದ ರಿಟರ್ನ್‌ನಲ್ಲೇ ತೋರಿಸಿ ಮರುಪಾವತಿ ಕೇಳಿದ. ಗೆಳೆಯ ಏಪ್ರಿಲ್‌ನಲ್ಲಿ ಕಟ್ಟಿದ. ರಿಟರ್ನ್‌ಗೆ ಕಾದರೆ ಇನ್ನೊಂದು ವರ್ಷ. ಆದರೆ ಸಂಬಳದಾರರು ಟಿಸಿಎಸ್ ವಿವರವನ್ನು ಕಚೇರಿಗೆ ಕೊಟ್ಟು ಟಿಡಿಎಸ್‌ನಲ್ಲಿ ಹೊಂದಿಸಿಕೊಳ್ಳಲು 2024ರ ಅಕ್ಟೋಬರ್‌ನಿಂದ ಅವಕಾಶ ಬಂದಿತ್ತು. ಅವನು ನಮೂನೆ 12ಬಿಎಎ ತುಂಬಿ ಕಚೇರಿಯ ಲೆಕ್ಕ ವಿಭಾಗಕ್ಕೆ ಕೊಟ್ಟ. ಮುಂದಿನ ತಿಂಗಳುಗಳ ಸಂಬಳದಲ್ಲಿ ತೆರಿಗೆ ಕಡಿತ ಅಷ್ಟರಮಟ್ಟಿಗೆ ಇಳಿಯಿತು.