ಮೊದಲು ನೀರು ಹೊಡೆಯಿರಿ, ಎಣ್ಣಿ ಆಮೇಲೆ

ತಾಂಡೂರಿನ ತೊಗರಿಗೆ 2022ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು. ಕಾಯಿಕೊರಕ ಹುಳಕ್ಕೆ ಅದರ ಗೊಡವೆಯಿಲ್ಲ. ತಾಂಡೂರು, ನಾರಾಯಣಖೇಡ, ಜಹೀರಾಬಾದ್ ಕಡೆ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಗಿಡ ಎದೆಮಟ್ಟ ಬೆಳೆದಿರುತ್ತದೆ. ಹುಳಕ್ಕೆ ಹೊಡೆದ ಎಣ್ಣಿ (ಕೀಟನಾಶಕ) ಹೊಡೆಯುವವರ ಮೈಗೂ ಬೀಳುತ್ತದೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ರಕ್ಷಣಾ ಉಡುಪು ‘ಕಿಸಾನ್ ಕವಚ್’ 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದದ್ದು ಇದಕ್ಕೇ: ಆಗಿನ ಬೆಲೆ 4,000 ರೂಪಾಯಿ, ಒಗೆದು ಮತ್ತೆ ತೊಡಬಹುದು. ಆದರೆ ಎಂಥ ಉಡುಪಾದರೂ ಸೆಕೆ ತಾಳದೆ ಎದೆಯ ಜಿಪ್ ಇಳಿಸಿದಿರೋ, ಕೊಟ್ಟ ದುಡ್ಡು ಹೋಯಿತು. ಹಾಗಾಗಿ ಮೊದಲು ಮೈಗೆ ಒಗ್ಗುತ್ತದೆಯೇ ನೋಡಿ.

ಹಂತ 1: ತೊಳೆದ ಪಂಪಿಗೆ ಬರೀ ನೀರು ತುಂಬಿ. 16 ಲೀಟರ್ ಪಂಪೆಂದರೆ ಬೆನ್ನ ಮೇಲೆ 16 ಕೆಜಿ ನೀರು, ಪಂಪಿನ ಭಾರ ಬೇರೆ. ಒಂದು ದಿನ ಎಂದಿನ ಬಟ್ಟೆಯಲ್ಲಿ, ಮರುದಿನ ಅದೇ ಹೊತ್ತಿಗೆ, ಅಷ್ಟೇ ಸಾಲು, ರಕ್ಷಣಾ ಉಡುಪಿನಲ್ಲಿ ಹೊಡೆಯಿರಿ. ಜೊತೆಗೊಬ್ಬರು ಇರಲೇಬೇಕು.

ಹಂತ 2: ಎರಡೂ ದಿನ, ಹೊಡೆಯುವ ಮೊದಲು ನೆರಳಲ್ಲಿ ಹತ್ತು ನಿಮಿಷ ಕೂತು ನಾಡಿ ಎಣಿಸಿ. ಒಳಚಡ್ಡಿಯಲ್ಲಿ ನಿಂತು ಮೈತೂಕ ನೋಡಿ. ಉಡುಪನ್ನು ಬೇರೆಯಾಗಿ ಕಿರಾಣಿ ತಕ್ಕಡಿಯಲ್ಲಿ ತೂಗಿ.

ಹಂತ 3: ಹೊಡೆಯುವಾಗ ಬಗ್ಗಿ, ಕೈಯೆತ್ತಿ, ಬದು ಹತ್ತಿ. ಕಂಕುಳು, ಮೊಣಕಾಲು, ತೊಡೆಸಂದು ಎಲ್ಲಿ ಹಿಡಿಯಿತೆಂದು ಜೊತೆಗಾರರು ಬರೆದುಕೊಳ್ಳಲಿ. ತಲೆ ತಿರುಗಿದರೆ, ವಾಕರಿಕೆ ಬಂದರೆ ಪರೀಕ್ಷೆ ಅಲ್ಲಿಗೇ ಬಿಡಿ. ಉಡುಪು ತೆಗೆದು ನೆರಳಿಗೆ ಹೋಗಿ.

ಹಂತ 4: ಪಂಪು ಇಳಿಸಿದ ಕೂಡಲೇ 30 ಸೆಕೆಂಡು ನಾಡಿ ಎಣಿಸಿ, ಎರಡರಿಂದ ಗುಣಿಸಿ. 110 ದಾಟಿದರೆ ವಿಶ್ರಾಂತಿ ಅಷ್ಟೇ ಇರಲಿ, ಮುಂದಿನ ಸರದಿಯ ಕೆಲಸ ಮೂರನೇ ಒಂದು ಪಾಲು ತಗ್ಗಲಿ. ಅಮೆರಿಕದ ಕಾರ್ಮಿಕ ಸುರಕ್ಷತಾ ಮಾರ್ಗಸೂಚಿ ಹೇಳುವುದೂ ಇದನ್ನೇ. ನೀರು ಕುಡಿಯುವ ಮುಂಚೆ ನಾಲಿಗೆಯಡಿ ಥರ್ಮಾಮೀಟರ್ ಇಡಿ, 99.6 ಫ್ಯಾರನ್‌ಹೀಟ್ ದಾಟಿದರೂ ಅದೇ ಲೆಕ್ಕ.

ಹಂತ 5: ಬಹಳ ಜನ ಬಿಡುವುದು ಇದನ್ನೇ, ನನಗೆ ಹೆಚ್ಚು ತಿಳಿಸುವುದೂ ಇದೇ. ಮೈ ಒರೆಸಿಕೊಂಡು ಮತ್ತೆ ತೂಗಿ. 60 ಕೆಜಿ ಇದ್ದವರು ಅರ್ಧ ಲೀಟರ್ ನೀರು ಕುಡಿದೂ 59.8ಕ್ಕೆ ಇಳಿದಿದ್ದರೆ, ಸುರಿದ ಬೆವರು ಸುಮಾರು 700 ಗ್ರಾಂ. ಈಗ ಉಡುಪನ್ನು ತೂಗಿ. ಅದರ ತೂಕ 300 ಗ್ರಾಂ ಏರಿದ್ದರೆ ಅಷ್ಟು ಬೆವರು ಆರದೆ ಬಟ್ಟೆಯಲ್ಲೇ ಕೂತಿದೆ (ಪಂಪು ಸೋರಿದ್ದರೆ, ಹೊಡೆದ ನೀರು ಉಡುಪಿನ ಮೇಲೆ ಬಿದ್ದಿದ್ದರೆ ಈ ಲೆಕ್ಕ ಬಿಡಿ). ಆರಿದ ಬೆವರು ಮಾತ್ರ ಮೈ ತಣಿಸುತ್ತದೆ. ಕೂತ ಬೆವರು ಬರೀ ಹೊರೆ.

ಮಾಸ್ಕು, ಕೈಗವಸು ಮೂರನೇ ದಿನಕ್ಕಿರಲಿ. ಎಲ್ಲವನ್ನೂ ಒಟ್ಟಿಗೆ ತೊಟ್ಟರೆ ಉಸಿರು ಕಟ್ಟಿಸಿದ್ದು ಯಾವುದೆಂದು ತಿಳಿಯುವುದಿಲ್ಲ.