ಟರ್ಕಿಯ ಹೊಸ ಕೋವಿ, ಬರ್ಮಿಂಗ್‌ಹ್ಯಾಮಿನ ಹಳೇ ಕೋವಿ

ಕೊಡಗಿನವನೊಬ್ಬ ಅಮೆರಿಕದ ಸೌತ್ ಡಕೋಟಾದಲ್ಲಿ ಫೆಸೆಂಟ್ ಹಕ್ಕಿಯ ಬೇಟೆಗೆ ಹೊರಟರೆ, ಇವನಿಗೆ ಕೋವಿಯ ವಿದ್ಯೆ ಹುಟ್ಟಿನಿಂದಲೇ ಬಂದಿರಬೇಕು ಎಂದು ಜತೆಯವರು ನಂಬುತ್ತಾರೆ. ಕೆಲವು ಕಾಲ ನಾನೂ ನಂಬಿದ್ದೆ. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಕೈಮುಗಿಯುವುದು ಗೊತ್ತಿತ್ತೇ ಹೊರತು, ಕೋವಿಯನ್ನು ಅಳೆದು ನೋಡಿ ಕೊಳ್ಳುವುದು ಗೊತ್ತಿರಲಿಲ್ಲ. ಜೋಡುನಳಿಗೆ ಕೋವಿ ಕೊಂಡು, ತಪ್ಪಿ ಕಲಿತ ಪಾಠಗಳು ಇವು.

1. ಅಗ್ಗದ ಬೆಲೆ ಮೊದಲ ಕಂತು ಮಾತ್ರ.
ಅಮೆರಿಕದಲ್ಲಿ ಕೈಗೆಟಕುವ ಬೆಲೆಗೆ ಹೊಸ ಜೋಡುನಳಿಗೆ ಬೇಕೆಂದರೆ ಹೆಚ್ಚಾಗಿ ಸಿಗುವುದು ಟರ್ಕಿಯದು ಇಲ್ಲವೇ ಬ್ರೆಜಿಲ್‌ನದು. ನಾನು ಟರ್ಕಿಯದನ್ನು ತಂದೆ. ಮರ ಚೆನ್ನಾಗಿತ್ತು, ಕೆತ್ತನೆಯೂ ಪರವಾಗಿಲ್ಲ. ಬಲನಳಿಗೆಯ ಈಡು ಗುರಿಗೆ ಹೋಗುತ್ತಿತ್ತು, ಎಡನಳಿಗೆಯದು ಎಲ್ಲಿಗೋ. ಒಂದಿಡೀ ಋತು ಹಕ್ಕಿಗಳನ್ನೂ ಗಾಳಿಯನ್ನೂ ನನ್ನ ವಯಸ್ಸನ್ನೂ ಬೈದುಕೊಂಡೆ. ಕಡೆಗೊಬ್ಬ ಹಿರಿಯರು ದೊಡ್ಡ ಕಾಗದ ಕಟ್ಟಿಸಿ 40 ಗಜದಿಂದ ಎರಡೂ ನಳಿಗೆಗಳನ್ನು ಬೇರೆಬೇರೆಯಾಗಿ ಹೊಡೆಸಿದರು. ಎಡಗಡೆಯ ಚರೆಗಳಲ್ಲಿ ಮುಕ್ಕಾಲು ಪಾಲು ಗುರಿಯ ಸುತ್ತ ಬರೆದ ವೃತ್ತದ ಆಚೆ ಬಿದ್ದಿದ್ದವು. ಜೋಡುನಳಿಗೆಗಳನ್ನು ಸಮಾನಾಂತರವಾಗಿ ಬೆಸೆಯುವುದಿಲ್ಲ. ಎರಡರ ಈಡೂ ಒಂದೇ ಕಡೆ ಬೀಳುವಂತೆ ಮುಂತುದಿ ತುಸು ಒಳಬಾಗಿಸಿ ಕೂರಿಸುತ್ತಾರೆ. ಹೊಡೆದು ನೋಡಿ, ಬಿಚ್ಚಿ, ಮತ್ತೆ ಬೆಸೆಯುವ ಈ ಕೆಲಸಕ್ಕೇ ಹಳೆಯ ಕಸುಬುದಾರರು ಕೂಲಿ ಪಡೆಯುತ್ತಿದ್ದದ್ದು. ಅಗ್ಗದ ಕೋವಿಯಲ್ಲಿ ಮೊದಲು ಉಳಿತಾಯವಾಗುವುದೂ ಅದೇ. ಈಗ ಯಾವ ಕೋವಿ ತಂದರೂ ಕಾಗದಕ್ಕೆ ಹೊಡೆಯದೆ ಹುಲ್ಲುಗಾವಲಿಗೆ ಒಯ್ಯುವುದಿಲ್ಲ.

2. ಒಳಗೆ ಹೋದ ತೋಟಾ ಎಲ್ಲವೂ ಸರಿಯಾದ ತೋಟಾ ಅಲ್ಲ.
ಇದನ್ನು ಬರೆಯಲು ಇವತ್ತಿಗೂ ನಾಚಿಕೆ. ಟರ್ಕಿಯದರ ಮೇಲಿನ ಸಿಟ್ಟಿಗೆ ಬರ್ಮಿಂಗ್‌ಹ್ಯಾಮಿನ ಹಳೆಯ 12 ಬೋರ್ ಕೊಂಡೆ. ತೆಳ್ಳಗೆ, ಹಗುರಾಗಿ, ಕೈಗೆತ್ತಿದರೆ ತಾನೇ ಹೆಗಲಿಗೆ ಬರುತ್ತಿತ್ತು. ಅಂಗಡಿಯ ಮಾಮೂಲು ತೋಟಾ ಸಲೀಸಾಗಿ ಒಳಗಿಳಿಯಿತು, ಹೊಡೆದೆ. ಒದೆತ ಕೆನ್ನೆಗೆ ಬಂತು. ಹಳೆಯ ಕೋವಿಯ ಗತ್ತು ಎಂದುಕೊಂಡು ಇನ್ನಷ್ಟು ಹೊಡೆದೆ. ಹಳೆಯ ಬ್ರಿಟಿಷ್ ಕೋವಿಗಳ ಗರ್ಭ, ಅಂದರೆ ತೋಟಾ ಕೂರುವ ಜಾಗ, ಹೆಚ್ಚಾಗಿ ಎರಡೂವರೆ ಇಂಚಿನದು, ಇಂದಿನ ತೋಟಾ ಎರಡೂಮುಕ್ಕಾಲು ಇಂಚಿನದು. ತೋಟಾದ ಬಾಯಿ ಮಡಚಿರುವುದರಿಂದ ಹಾಕುವಾಗ ಹಿಡಿಯುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿ ನಳಿಗೆಯ ಕಿರಿದಾಗುವ ಜಾಗಕ್ಕೆ ಚಾಚುತ್ತದೆ, ಒತ್ತಡ ಏರುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದಲೂ ಕೋವಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಪ್ರೂಫ್ ಹೌಸ್ ಇದೆ. ಯಾವ ತೋಟಾಕ್ಕೆ ಪರೀಕ್ಷೆಯಾಗಿದೆ ಎಂಬ ಸುಳಿವು ಕೊಡುವ ಆ ಮುದ್ರೆಗಳು ನನ್ನ ಕೋವಿಯ ನಳಿಗೆಯ ಅಡಿಯಲ್ಲೇ ಇದ್ದವು. ನಾನು ಮೇಲಿನ ಕೆತ್ತನೆ ಮಾತ್ರ ನೋಡಿದ್ದೆ. ನಳಿಗೆ ಒಡೆಯಲಿಲ್ಲ; ಅದು ನನ್ನ ಜಾಣತನವಲ್ಲ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಹಳೆಯ ಡಮಾಸ್ಕಸ್ ನಳಿಗೆಯಾಗಿದ್ದರೆ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆಯೇ ಎಂಬುದನ್ನೂ ನೋಡಬೇಕು.

3. ಹೆಸರಿಗೆ ಕೊಟ್ಟ ದುಡ್ಡು ಗುರಿಗೆ ಬರುವುದಿಲ್ಲ.
ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದ ಕೋವಿಗಳಲ್ಲಿ ಅಮೆರಿಕದ ಫಾಕ್ಸ್ ಜೋಡುನಳಿಗೆಯೂ ಇತ್ತು ಎಂದು ತಿಳಿದ ಮೇಲೆ ನನಗೂ ಒಂದು ಫಾಕ್ಸ್ ಬೇಕೆನಿಸಿತು. ಸಿಕ್ಕಿದ ಸಾದಾ ದರ್ಜೆಯ ಫಾಕ್ಸ್ ಗಟ್ಟಿಮುಟ್ಟಾದ ಒಳ್ಳೆಯ ಕೋವಿಯೇ. ಆದರೆ ಅಂದಿನ ಎಷ್ಟೋ ಅಮೆರಿಕನ್ ಕೋವಿಗಳಂತೆ ಅದರ ಮರದ ಬುಡ ಬಹಳ ಕೆಳಕ್ಕೆ ಇಳಿದಿತ್ತು. ನಾನು ಕೆನ್ನೆಯೂರಿದರೆ ಕಣ್ಣಿಗೆ ಕೋವಿಯ ಹಿಂಭಾಗವೇ ಕಾಣುತ್ತಿತ್ತು, ಈಡು ಹಕ್ಕಿಯ ಕೆಳಗೆ ಹೋಗುತ್ತಿತ್ತು. ಬೇರೆಯವರ ಅಳತೆಗೆ ಹೊಲಿದ ಕೋಟು ಹಾಕಿಕೊಂಡಂತೆ. ಮಾರಿದೆ, ನಷ್ಟಕ್ಕೇ.

4. ಕೆರೆಗೆ ಹಳೆಯದನ್ನು ಒಯ್ಯಬೇಡಿ.
1991ರಿಂದ ಅಮೆರಿಕದಾದ್ಯಂತ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ನಿಷಿದ್ಧ. ಅಗ್ಗದ ಬದಲಿ ಉಕ್ಕಿನ ಚರೆ, ಅದು ಹಳೆಯ ನಳಿಗೆಯ ಬಿಗಿಯಾದ ಬಾಯನ್ನು ಕೆಡಿಸಬಹುದು. ಮೆತ್ತನೆಯ ಬಿಸ್ಮತ್ ಚರೆಯೂ ಇದೆ, ದುಬಾರಿ. ಬಾತುಕೋಳಿ ಬೇಟೆಯಲ್ಲಿ ನನ್ನ ಟರ್ಕಿಯದು ಮೊದಲ ಬಾರಿಗೆ ಮರ್ಯಾದೆ ಸಂಪಾದಿಸಿತು. ಕೆಸರು ಮೆತ್ತಿದರೂ ಜೀವ ಚುರ್ ಎನ್ನುವುದಿಲ್ಲ.

5. ಬಿಡಿಭಾಗ ಎಲ್ಲಿಂದ ಬರುತ್ತದೆಂದು ಮೊದಲೇ ಕೇಳಿ.
ಹೊಸದಕ್ಕೆ ಬಿಡಿಭಾಗ ಸುಲಭ ಎಂದುಕೊಂಡಿದ್ದೆ. ಆದರೆ ನನ್ನ ಟರ್ಕಿಯದರ ಆಮದುದಾರ ಆ ಮಾದರಿ ತರಿಸುವುದನ್ನೇ ನಿಲ್ಲಿಸಿದ್ದ. ಹಳೆಯದರ ಮುರಿದ ಸ್ಪ್ರಿಂಗನ್ನು ಮಾತ್ರ ಕುಶಲಕರ್ಮಿಯೊಬ್ಬರು ಕೈಯಲ್ಲೇ ಮಾಡಿಕೊಟ್ಟರು. ಅವರ ಬಿಲ್ಲನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ.

ಎರಡರಲ್ಲಿ ಯಾವುದು ಎಂದರೆ, ಒಂದಕ್ಕಷ್ಟೇ ದುಡ್ಡಿದ್ದರೆ ಹೊಸದನ್ನೇ ತೆಗೆದುಕೊಳ್ಳಿ, ಬುಡ ಸರಿಪಡಿಸಲು ಸ್ವಲ್ಪ ದುಡ್ಡು ಉಳಿಸಿಕೊಂಡು. ಹಳೆಯದೇ ಬೇಕೆಂಬ ಹಟವಿದ್ದರೆ ಗರ್ಭದ ಉದ್ದ, ನಳಿಗೆಯ ಗೋಡೆಯ ದಪ್ಪ ಎರಡನ್ನೂ ತಿಳಿದವರಿಂದ ಅಳೆಸಿ, ಆಮೇಲೆ ಹಣ ಕೊಡಿ. ಅಳೆಯಲು ಬಿಡದವನ ಹತ್ತಿರ ಕೊಳ್ಳಲೇಬೇಡಿ.