ವಾದ ಇರಲಿ, ಪಂಕ್ತಿ ಬಿಡಬೇಡಿ

ಮಕ್ಕಳೇ, ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ನೀವು ವರಾಂಡದಲ್ಲಿ ನಿಂತು ಆಡಿದ ಮಾತು ನನ್ನ ಕಿವಿಗೆ ಬಿತ್ತು. ಕೀಬೋರ್ಡು ಬೇಕೋ ಬೇಡವೋ ಎಂದು ಶುರುವಾದ ಮಾತು, ಯಾರು ನಿಜವಾದ ವಿಶ್ವಾಸಿ, ಯಾರು ಬರೀ ನಾಮಧಾರಿ ಎನ್ನುವಲ್ಲಿಗೆ ಹೋಗಲು ಎರಡು ನಿಮಿಷವೂ ಹಿಡಿಯಲಿಲ್ಲ. ಒಬ್ಬಳು 'ಇದು ಸತ್ತ ಸಭೆ' ಅಂದಳು. ಇನ್ನೊಬ್ಬ 'ಹಾಗಾದರೆ ನಿನ್ನ ಚಪ್ಪಾಳೆ ಸಭೆಗೇ ಹೋಗು' ಅಂದ. ಇಬ್ಬರೂ ಬೇರೆ ಬೇರೆ ಗೇಟಿನಿಂದ ಹೊರಟುಹೋದರು, ಅವರ ಹಿಂದೆ ಒಂದೊಂದು ಗುಂಪು. ಫ್ಲಾಸ್ಕಿನ ತುಂಬ ಟೀ, ತಟ್ಟೆಯ ತುಂಬ ಬನ್ನು ಹಾಗೇ ಮೇಜಿನ ಮೇಲೆ ಉಳಿದವು. ಅದನ್ನು ತಂದಿದ್ದ ಅಮ್ಮನೊಬ್ಬರು ಬಹಳ ಹೊತ್ತು ನಿಂತಿದ್ದು, ಕೊನೆಗೆ ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಮನೆಗೆ ಹೋದರು.

ನೀವು ವಾದ ಮಾಡಿದ್ದಕ್ಕೆ ನನಗೆ ಬೇಸರವಿಲ್ಲ. ನಂಬಿಕೆ ಬಿಸಿಯಾಗಿದ್ದರೆ ಮಾತೂ ಬಿಸಿಯಾಗುತ್ತದೆ. ಆ ರಾತ್ರಿ ನಿದ್ದೆಗೆಡಿಸಿದ್ದು ಉಳಿದುಹೋದ ಆ ಟೀ. ಯಾಕೆಂದರೆ ಈ ದಾರಿಯಲ್ಲಿ ನಾನು ಹೋಗಿ ಬಂದವನು. ಅದರ ಕೊನೆಯಲ್ಲಿ ಏನಿದೆ ಎಂದು ನನಗೆ ಗೊತ್ತು.

ನನ್ನ ತಮ್ಮ ಮೂವತ್ತರ ಹೊತ್ತಿಗೆ ನಮ್ಮ ಸಭೆ ಬಿಟ್ಟು ಪೆಂಟೆಕೋಸ್ಟ್ ಸಭೆಗೆ ಸೇರಿದ. ಹೊಳೆಯಲ್ಲಿ ಮುಳುಗಿ ಮತ್ತೊಮ್ಮೆ ದೀಕ್ಷಾಸ್ನಾನ ಮಾಡಿಸಿಕೊಂಡ. ಅವನ ಹೆಂಡತಿ ಓಲೆ, ಬಳೆ ಬಿಚ್ಚಿಟ್ಟಳು. ನಾನಾಗ ಸಭಾ ಸಮಿತಿಯ ಕಾರ್ಯದರ್ಶಿ. ಶಿಶುವಾಗಿದ್ದಾಗ ನಮ್ಮಿಬ್ಬರಿಗೂ ಒಂದೇ ಬೋಗುಣಿಯಿಂದ ಸಭಾಪಾಲಕರು ಹಾಕಿದ ನೀರು ದೀಕ್ಷಾಸ್ನಾನವೇ ಅಲ್ಲ ಎಂದು ಒಡಹುಟ್ಟಿದವನೇ ಹೇಳುವಾಗ ನನಗೆ ಅವಮಾನವಾಯಿತು. ಸತ್ಯಕ್ಕಾಗಿ ನಿಂತಿದ್ದೇನೆ ಎಂದುಕೊಂಡೆ. ಇವತ್ತು ತಿರುಗಿ ನೋಡಿದರೆ ಅದರಲ್ಲಿ ಸತ್ಯಕ್ಕಿಂತ ನನ್ನ ಮಾನದ ಪಾಲೇ ಹೆಚ್ಚಿತ್ತು. ಆ ದಿನ ಹೊಳೆಯ ಹತ್ತಿರ ನಾನು ಹೋಗಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ಆಮೇಲೆ ಅವನು ನಮ್ಮ ಕ್ರಿಸ್ಮಸ್ ಊಟಕ್ಕೆ ಬರಲಿಲ್ಲ, ನಾನು ಕರೆಯಲೂ ಇಲ್ಲ. ಹೀಗೆ ಒಂಬತ್ತು ವರ್ಷ.

ಅಷ್ಟು ವರ್ಷದಲ್ಲಿ ಅವನ ಮಗಳು ಹುಟ್ಟಿ, ಹಲ್ಲು ಬಂದು, ನಡೆದು, ಶಾಲೆಗೆ ಸೇರಿದಳು. ನಾನು ಆ ಮಗುವನ್ನು ಸರಿಯಾಗಿ ನೋಡಿದ್ದು ಅವಳಿಗೆ ಏಳಾದಾಗ, ಬಂಧುಗಳೊಬ್ಬರ ಮಣ್ಣಿನಲ್ಲಿ. ಕೆಂಪು ರಿಬ್ಬನ್ ಕಟ್ಟಿಕೊಂಡಿದ್ದಳು. ಅವರಮ್ಮನ ಸೆರಗು ಜಗ್ಗಿ, ನನ್ನ ಕಡೆ ಬೆರಳು ತೋರಿಸಿ, 'ಅಮ್ಮಾ, ಆ ಮಾಮ ಯಾರು?' ಎಂದು ಕೇಳಿದಳು. ನಾನು ಅವಳ ದೊಡ್ಡಪ್ಪ.

ನೀವು ಆಗಾಗ ಕೇಳುತ್ತೀರಿ, ಸಭೆಯಲ್ಲಿ ಸಂತೋಷ ಯಾಕಿಲ್ಲ, ಎಲ್ಲರೂ ಮುಖ ಗಂಟಿಕ್ಕಿಕೊಂಡಿರುತ್ತಾರಲ್ಲ ಎಂದು. ಎಲ್ಲರ ಅಭಿಪ್ರಾಯವೂ ಒಂದಾದ ಮೇಲೆ ಸಂತೋಷ ತಾನಾಗಿ ಬರುತ್ತದೆ ಎಂದು ಕಾದು ಕೂತರೆ ನನ್ನ ಹಾಗೆ ಒಂಬತ್ತು ವರ್ಷ ಕಾಯಬೇಕಾಗುತ್ತದೆ. ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ಒಮ್ಮೆ ಒಂದೇ ಪಟ್ಟಿಗೆ ಕೂತು ಓದಿ. ಸೆರೆಮನೆಯಲ್ಲಿದ್ದು ಬರೆದದ್ದು, ಆದರೂ ಪುಟಪುಟಕ್ಕೂ ಸಂತೋಷದ ಮಾತು. ಕೊನೆಯ ಅಧ್ಯಾಯಕ್ಕೆ ಬಂದಾಗ ಪೌಲ ಇಬ್ಬರು ಹೆಂಗಸರ ಹೆಸರು ಹಿಡಿದು ಕರೆಯುತ್ತಾನೆ: ಯುವೊದ್ಯ ಮತ್ತು ಸಂತುಕೆ. ಇಬ್ಬರಿಗೂ ಏನೋ ಬಿರುಕು. ಜಗಳ ಯಾವುದಕ್ಕೆ, ಸರಿ ಯಾರು, ತಪ್ಪು ಯಾರು ಎಂದು ಅವನು ಒಂದಕ್ಷರವನ್ನೂ ಬರೆಯುವುದಿಲ್ಲ. ಇಬ್ಬರೂ ಸುವಾರ್ತೆಗಾಗಿ ತನ್ನ ಜೊತೆ ದುಡಿದವರು ಎಂದು ನೆನಪಿಸಿ, ಅವರಿಗೆ ನೆರವಾಗು ಎಂದು ಪಕ್ಕದವನೊಬ್ಬನಿಗೆ ಹೇಳುತ್ತಾನೆ. ಅದಾದ ಕೂಡಲೇ ಎಲ್ಲರಿಗೂ ಸಂತೋಷಪಡಿ ಎನ್ನುತ್ತಾನೆ. ಆ ಇಬ್ಬರ ಜಗಳ ಬಗೆಹರಿಯಿತು ಎಂಬ ಸುದ್ದಿ ಬರುವ ತನಕ ಆ ಮಾತನ್ನು ಅವನು ಹಿಡಿದಿಟ್ಟುಕೊಳ್ಳಲಿಲ್ಲ.

ಹಾಗಾದರೆ ಎಲ್ಲಕ್ಕೂ ತಲೆಯಾಡಿಸಬೇಕೇ? ಇಲ್ಲ. ಇದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಪೌಲ ಎಷ್ಟು ಮೃದು ನೋಡಿ. ಒಬ್ಬ ಮಾಂಸ ತಿನ್ನುತ್ತಾನೆ, ಒಬ್ಬ ಸೊಪ್ಪು ತರಕಾರಿಯಷ್ಟೇ. ಒಬ್ಬನಿಗೆ ಒಂದು ದಿನ ವಿಶೇಷ, ಒಬ್ಬನಿಗೆ ಎಲ್ಲ ದಿನವೂ ಒಂದೇ. ಇರಲಿ, ಒಬ್ಬರನ್ನೊಬ್ಬರು ಸೇರಿಸಿಕೊಳ್ಳಿ ಎನ್ನುತ್ತಾನೆ. ಅದೇ ಪೌಲ ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರೆದುರು ಎದುರಿಸಿ ನಿಂತ, ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿದೆ. ಯಾತಕ್ಕೆ? ಅನ್ಯಜನರಿಂದ ಬಂದ ವಿಶ್ವಾಸಿಗಳ ಜೊತೆ ಊಟಕ್ಕೆ ಕೂರುತ್ತಿದ್ದ ಪೇತ್ರ, ಯೆರೂಸಲೇಮಿನ ಕಡೆಯವರು ಬಂದ ಕೂಡಲೇ ಎದ್ದು ಬೇರೆ ಕೂತ. ನಮ್ಮ ಭಾಷೆಯಲ್ಲಿ ಅದಕ್ಕೆ ಸರಿಯಾದ ಮಾತೇ ಇದೆ: ಪಂಕ್ತಿಭೇದ. ಎಲೆಯಲ್ಲಿ ಏನಿರಬೇಕು ಎಂಬುದಕ್ಕೆ ಪೌಲ ಬಗ್ಗಿದ. ಪಂಕ್ತಿಯಲ್ಲಿ ಯಾರು ಕೂರಬಹುದು ಎಂಬುದಕ್ಕೆ ಕೂದಲೆಳೆಯಷ್ಟೂ ಬಗ್ಗಲಿಲ್ಲ.

ಆದ್ದರಿಂದ ನಮ್ಮ ಸಭೆಗಳಲ್ಲಿ ಇನ್ನೂ ಯಾರಾದರೂ ಹುಡುಗಿ ನೋಡುವಾಗ ಜಾತಿ ಕೇಳಿದರೆ, ಸಮಾಧಿಯ ಜಾಗಕ್ಕೆ ಕುಲ ನೋಡಿದರೆ, ಕಾಣಿಕೆಯ ಹಣದ ಲೆಕ್ಕ ಮುಚ್ಚಿಟ್ಟರೆ, ಅದನ್ನು 'ಭಿನ್ನಾಭಿಪ್ರಾಯ' ಎಂದು ಕರೆದು ಐಕ್ಯತೆಯ ಹೆಸರಿನಲ್ಲಿ ಸುಮ್ಮನಿರಬೇಡಿ. ಅಲ್ಲಿ ಎದ್ದು ನಿಲ್ಲಿ. ನಿಮ್ಮ ಕೋಪವನ್ನು ಅಂಥದ್ದಕ್ಕೆ ಉಳಿಸಿಕೊಳ್ಳಿ. ಕೀಬೋರ್ಡಿನ ಮೇಲೆ ಖರ್ಚು ಮಾಡಬೇಡಿ.

ನಾವು ಆರಾಧಿಸುವ ಈ ದಕ್ಷಿಣ ಭಾರತ ಸಭೆಯೇ ಹೇಗೆ ಹುಟ್ಟಿತು ಎಂದು ನಿಮಗೆ ಯಾರೂ ಹೇಳಿಕೊಟ್ಟಂತಿಲ್ಲ. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ 33 ಮಂದಿ ಸೇರಿದರು. ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರೇ. ಮುಂದೆ ನಿಂತವರು ಬಿಷಪ್ ಅಜರಯ್ಯ. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯರು. ಈ ಒಡಕುಗಳು ನಾವು ಮಾಡಿಕೊಂಡವಲ್ಲ, ಹೊರಗಿನಿಂದ ಬಂದು ನಮ್ಮ ಮೇಲೆ ಬಿದ್ದವು, ಇವನ್ನು ಮುಂದುವರಿಸುವ ಆಸೆ ನಮಗಿಲ್ಲ ಎಂಬುದು ಅವರ ಹೇಳಿಕೆಯ ತಿರುಳು. ಅಲ್ಲಿಂದ ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ 1947ರ ಸೆಪ್ಟೆಂಬರ್ 27ರಂದು ಸಭೆಗಳು ಒಂದಾಗುವ ಹೊತ್ತಿಗೆ 28 ವರ್ಷ ಕಳೆದಿತ್ತು. ಅಜರಯ್ಯನವರು ಅದನ್ನು ಕಣ್ಣಾರೆ ನೋಡಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು.

ಆ 28 ವರ್ಷ ಏನು ಮಾತಾಡಿದರು ಗೊತ್ತೇ? ದೊಡ್ಡ ತೊಡಕು ಬಿಷಪ್ಪರದ್ದು. ಬಿಷಪ್ ಕೈಯಿಟ್ಟು ಅಭಿಷೇಕಿಸದ ಬೋಧಕ ಪೂರ್ಣ ಬೋಧಕನೇ ಎಂದು ಆಂಗ್ಲಿಕನ್ನರ ಅನುಮಾನ. ಇಷ್ಟು ವರ್ಷ ನಾವು ಬಡಿಸಿದ ಕರ್ತನ ಭೋಜನ ಸುಳ್ಳೇ ಎಂದು ಮೆಥಡಿಸ್ಟರ, ಪ್ರೆಸ್ಬಿಟೇರಿಯನ್ನರ, ಕಾಂಗ್ರಿಗೇಷನಲಿಸ್ಟರ ನೋವು. ಕೊನೆಗೆ ಮಾಡಿಕೊಂಡ ಏರ್ಪಾಡು ನನಗೆ ಇವತ್ತಿಗೂ ಅಚ್ಚರಿ. ಇನ್ನು ಮುಂದೆ ಅಭಿಷೇಕವೆಲ್ಲ ಬಿಷಪ್ಪರಿಂದಲೇ. ಆದರೆ ಈಗಿರುವ ಬೋಧಕರೆಲ್ಲ ಇದ್ದ ಹಾಗೇ ಒಳಗೆ, ಯಾರಿಗೂ ಮರು ಅಭಿಷೇಕವಿಲ್ಲ. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಗ್ಗದ ಬೋಧಕರನ್ನಾಗಲಿ ಆರಾಧನೆಯನ್ನಾಗಲಿ ಹೇರುವುದಿಲ್ಲ ಎಂಬ ಮಾತು. ಉಳಿದ ಕಗ್ಗಂಟಿಗೆ 30 ವರ್ಷದ ಗಡುವು. ಒಂದೇ ಮನೆಯಲ್ಲಿದ್ದು, ಕೂಡಿ ಉಂಡು, ಕೂಡಿ ಬೆಳೆದು, ಆಮೇಲೆ ನೋಡೋಣ ಎಂದರು. ನೀವು ವರಾಂಡದಲ್ಲಿ ಎರಡು ನಿಮಿಷ ಕೊಟ್ಟಿರಿ.

ಎಲ್ಲ ಸುಸೂತ್ರವಾಯಿತು ಎಂದು ನಾನು ಹೇಳುವುದಿಲ್ಲ. ನಂದ್ಯಾಲದ ಕಡೆಯ ಆಂಗ್ಲಿಕನ್ನರು ಎಷ್ಟೋ ವರ್ಷ ಒಳಗೆ ಬರಲಿಲ್ಲ. ಆಸ್ತಿಗೆ, ಕುರ್ಚಿಗೆ ಕೋರ್ಟು ಹತ್ತಿದ್ದನ್ನು ನೀವೇ ಪತ್ರಿಕೆಯಲ್ಲಿ ಓದುತ್ತೀರಿ. ಆದರೂ ಆ ಒಂದು ಪಂಕ್ತಿಯ ಆಸೆಯಿಂದ ನಮ್ಮ ಕೈಗೆ ಬಂದ ಒಂದು ಸಂಪತ್ತನ್ನು ನೀವು ಪ್ರತಿ ಸಂಸ್ಕಾರದ ಭಾನುವಾರ ಮುಟ್ಟುತ್ತೀರಿ, ಗಮನಿಸದೆ. ಸಮಾಧಾನ ಕೊಡುವುದು. 1950ರ ಆರಾಧನಾ ಕ್ರಮದಲ್ಲಿ ನಮ್ಮ ಹಿರಿಯರು ಅದನ್ನು ಮತ್ತೆ ತಂದರು, ಸಿರಿಯನ್ ಕ್ರೈಸ್ತರು ಕಾಪಾಡಿಕೊಂಡು ಬಂದ ಪದ್ಧತಿ ನೋಡಿ. ಆಮೇಲೆ ಬೇರೆ ದೇಶದ ಸಭೆಗಳೂ ನಮ್ಮಿಂದ ಕಲಿತವು. ಕೊಡುವವರ ಬಲ ಅಂಗೈ ತೆಗೆದುಕೊಳ್ಳುವವರ ಬಲ ಅಂಗೈಗೆ, ಎಡಗೈಗಳು ಮೇಲೆ ಮುಚ್ಚಿಕೊಳ್ಳಬೇಕು. ಹಾಗೆ ಮಾಡಿದಾಗ ಎದುರಿನವರ ಕೈ ನಿಮ್ಮ ಎರಡು ಕೈಯೊಳಗಿರುತ್ತದೆ, ನಿಮ್ಮ ಕೈ ಅವರದರೊಳಗೆ. ಕಾಫಿ ತೋಟದಲ್ಲಿ ದುಡಿದ ಕೈ ಒರಟಾಗಿರುತ್ತದೆ, ಮುದುಕಿಯರದು ತಣ್ಣಗಿರುತ್ತದೆ, ಜ್ವರ ಬಂದವರದು ಗೊತ್ತಾಗಿಬಿಡುತ್ತದೆ. ಮುಖ ನೋಡದೆ ಬೆರಳ ತುದಿ ತಾಗಿಸಿ ಮುಂದೆ ಹೋಗುತ್ತೀರಲ್ಲ, ಅದನ್ನು ಬಿಡಿ. ಪೂರ್ತಿ ಕೈ ಕೊಡಿ.

ಇನ್ನೊಂದು ಸಂಗತಿ. ನನ್ನ ಜೊತೆ ಪಾಠ ಹೇಳುತ್ತಿದ್ದ ಕಥೊಲಿಕ ಮೇಷ್ಟ್ರೊಬ್ಬರಿದ್ದರು, ಹಾಸನದ ಶೆಟ್ಟಿಹಳ್ಳಿಯ ಕಡೆಯವರು. ಅವರ ಹಿರಿಯರು ಪ್ರಾರ್ಥಿಸಿದ ದೇವಾಲಯ ಇವತ್ತು ಹೇಮಾವತಿಯ ಹಿನ್ನೀರಿನಲ್ಲಿ ಮುಳುಗೇಳುತ್ತ ನಿಂತಿದೆ, ನೀವು ಚಿತ್ರ ನೋಡಿರುತ್ತೀರಿ. ಅವರ ತಾಯಿ ತೀರಿಕೊಂಡು ತಿಂಗಳಾದಾಗ ಮನೆಯಲ್ಲಿ ಪ್ರಾರ್ಥನೆ ಇಟ್ಟು, ನನಗೂ ಒಂದು ಭಾಗ ಓದಲು ಹೇಳಿದರು. ನಾನು ನನ್ನ ಹಳೆಯ ಸತ್ಯವೇದದಿಂದ ಓದಿದೆ: ಆತನು ಬಂದನು, ಆತನು ಹೇಳಿದನು ಎಂದು. ಮುಗಿದ ಮೇಲೆ ಅವರ ಅಜ್ಜಿಯೊಬ್ಬರು ನನ್ನನ್ನು ಹತ್ತಿರ ಕರೆದು, 'ಮೇಷ್ಟ್ರೇ, ಓದಿದ್ದು ಚೆನ್ನಾಗಿತ್ತು. ಆದರೆ ಸ್ವಾಮಿಯನ್ನು ಹಾಗೆ ಏಕವಚನದಲ್ಲಿ ಕರೆಯೋದಾ? ನಾವು ಯೇಸು ಹೇಳಿದರು ಅಂತೀವಿ' ಅಂದರು. ಅವರ ದನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿ ನೊಂದಿದ್ದರು. ನಾನು, 'ಅಮ್ಮಾ, ನೀವು ಕಷ್ಟ ಬಂದಾಗ ದೇವರಿಗೆ ನೀನೇ ಕಾಪಾಡು ಅಂತೀರೋ, ನೀವೇ ಕಾಪಾಡಿ ಅಂತೀರೋ?' ಎಂದೆ. ಸ್ವಲ್ಪ ಹೊತ್ತು ಯೋಚಿಸಿ, 'ಎದುರಿಗೆ ನೀನು, ನಾಲ್ಕು ಜನರ ಮುಂದೆ ಅವರು' ಅಂದರು. ಮನೆಯಲ್ಲಿ ಅಪ್ಪನ ವಿಷಯದಲ್ಲಿ ನಾವು ಮಾಡುವುದೂ ಅದೇ ಅಲ್ಲವೇ? ಅವರು ಪ್ರಭು ಅಂದರೆ ನಾವು ಕರ್ತ ಅನ್ನುತ್ತೇವೆ. ಅವರ ಶುಭಸಂದೇಶ ನಮ್ಮ ಸುವಾರ್ತೆ. ಅವರ ಜ್ಞಾನಸ್ನಾನ ನಮ್ಮ ದೀಕ್ಷಾಸ್ನಾನ. ಆ ದಿನದಿಂದ ನನ್ನ ಪ್ರಾರ್ಥನೆಯೊಳಕ್ಕೆ ಅವರ ಮರ್ಯಾದೆಯೂ ಬಂದು ಸೇರಿತು, ಅದಕ್ಕೆ ನಾನು ಋಣಿ.

ಇಷ್ಟು ಮಾಡಿ. ಎದುರಿನವರ ನಂಬಿಕೆಯನ್ನು ನೀವು ಹೇಳಿ ತೋರಿಸಿದಾಗ 'ಹೌದು, ನಾನು ನಂಬುವುದು ಇದನ್ನೇ' ಎಂದು ಅವರು ಒಪ್ಪುವ ಹಾಗಿರಬೇಕು. ಆ ತನಕ ಅದನ್ನು ಖಂಡಿಸಬೇಡಿ. ರಾತ್ರಿ ಹನ್ನೊಂದರ ಮೇಲೆ ಮೊಬೈಲಿನಲ್ಲಿ ವಚನಗಳನ್ನು ಕಲ್ಲಿನ ಹಾಗೆ ಎಸೆಯಬೇಡಿ. ನಾಮಧಾರಿ, ಸತ್ತ ಸಭೆ, ಚಪ್ಪಾಳೆ ಸಭೆ, ಈ ಮೂರು ಮಾತು ನಿಮ್ಮ ಬಾಯಲ್ಲಿ ಬರಲೇಬಾರದು. ಒಬ್ಬರ ಎದೆಯೊಳಗೆ ದೇವರು ಸತ್ತಿದ್ದಾನೋ ಬದುಕಿದ್ದಾನೋ ಎಂದು ನೋಡಲು ನಮಗೆ ಕಣ್ಣು ಕೊಟ್ಟಿಲ್ಲ.

ನನ್ನ ತಮ್ಮನ ಕತೆ ಅರ್ಧಕ್ಕೆ ನಿಂತಿತು. ಅಮ್ಮ ಹಾಸಿಗೆ ಹಿಡಿದಾಗ ಸರದಿಯ ಮೇಲೆ ನೋಡಿಕೊಳ್ಳಬೇಕಾಯಿತು. ಒಂದು ರಾತ್ರಿ ಇಬ್ಬರೂ ಉಳಿದೆವು, ಮಂಚದ ಆ ಕಡೆ ಅವನು, ಈ ಕಡೆ ನಾನು. ಅಮ್ಮ ಕಣ್ಣು ಮುಚ್ಚಿಕೊಂಡೇ ಹಾಡಿ ಅಂದಳು. ನಮಗಿಬ್ಬರಿಗೂ ಬರುತ್ತಿದ್ದ ಹಾಡು ಅವಳೇ ಒರಳಿನ ಮುಂದೆ ಕೂತು ಕಲಿಸಿದ ಕೀರ್ತನೆ. ಅವನು ಅಭ್ಯಾಸಬಲದಿಂದ ಮೆಲ್ಲಗೆ ಕೈ ತಟ್ಟತೊಡಗಿದ. ನಾನು ಯಾವತ್ತಿನಂತೆ ಕೈಕಟ್ಟಿ ಕೂತಿದ್ದೆ. ಎರಡನೆಯ ಚರಣದಲ್ಲಿ ಅಮ್ಮನ ಬೆರಳು ಹೊದಿಕೆಯ ಮೇಲೆ ತಾಳ ಹಾಕುತ್ತಿದ್ದುದನ್ನು ಇಬ್ಬರೂ ನೋಡಿದೆವು. ಒಂಬತ್ತು ವರ್ಷದಲ್ಲಿ ನಾನು ಪಡದ ಸಂತೋಷವನ್ನು, ಸಾವು ಬಾಗಿಲಲ್ಲಿ ನಿಂತಿದ್ದ ಆ ಕೋಣೆಯಲ್ಲಿ ಪಟ್ಟೆ.

ನನ್ನ ಶಿಶು ದೀಕ್ಷಾಸ್ನಾನ ದೀಕ್ಷಾಸ್ನಾನವಲ್ಲ ಎಂದು ಅವನು ಈಗಲೂ ನಂಬುತ್ತಾನೆ. ಹೋದ ತಿಂಗಳೂ ಹೇಳಿದ. ಆ ಸ್ನಾನವೇ ಸಾಕು ಎಂದು ನಾನೂ ಈಗಲೂ ಹೇಳುತ್ತೇನೆ. ವಾರಕ್ಕೊಮ್ಮೆ ಬರುತ್ತಾನೆ, ನನ್ನ ಕಾಫಿಗೆ ಸಕ್ಕರೆ ಹಾಕದಂತೆ ಕಾವಲು ಕೂರುತ್ತಾನೆ. ಆ ಕೆಂಪು ರಿಬ್ಬನ್ನಿನ ಹುಡುಗಿಗೆ ಈಗ ಇಬ್ಬರು ಮಕ್ಕಳು, ಅವರು ನನ್ನನ್ನು ತಾತ ಎನ್ನುತ್ತಾರೆ.

ಶನಿವಾರ ಸಂಜೆ ಆರಕ್ಕೆ ನಮ್ಮ ಮನೆಗೆ ಬನ್ನಿ, ಎರಡು ಗೇಟಿನವರೂ. ಕೀಬೋರ್ಡು ತನ್ನಿ, ಹಾರ್ಮೋನಿಯಂ ನಮ್ಮಲ್ಲಿದೆ. ತಮ್ಮನಿಗೂ ಹೇಳಿದ್ದೇನೆ. ಊಟಕ್ಕೆ ನಡುಮನೆಯಲ್ಲಿ ಚಾಪೆ ಹಾಸಿಸುತ್ತೇನೆ, ಎಲ್ಲರೂ ಒಂದೇ ಸಾಲಿನಲ್ಲಿ ಕೂರಬಹುದು. ಟೀ ತಂದಿದ್ದ ಆ ಅಮ್ಮನನ್ನು ಕರೆತರುವ ಜವಾಬ್ದಾರಿ ನಿಮ್ಮದು.